ಬೀಗ ಮಾಡಿದವರ ಕೂಲಿ

ಮನೆಯಲ್ಲಿ ಕುಳಿತೇ ಬ್ಯಾಂಕಿನ ಲೆಕ್ಕ ನೋಡುವವರು, ರೈಲಿನ ಟಿಕೆಟ್ಟನ್ನು ಫೋನಿನಲ್ಲಿಯೇ ಕೊಳ್ಳುವವರು, ಪರದೆಯ ಮೇಲ್ಭಾಗದಲ್ಲಿ ವಿಳಾಸದ ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರವನ್ನು ಬಹುಕಾಲ ಕಂಡಿದ್ದಾರೆ. ಬೀಗ ಇದ್ದರೆ ಕ್ಷೇಮ, ಇಲ್ಲದಿದ್ದರೆ ಅಪಾಯ ಎಂಬಷ್ಟು ತಿಳಿವಳಿಕೆ ಶಾಲೆಯ ಹುಡುಗರಿಗೂ ಬಂದುಬಿಟ್ಟಿದೆ. ಆದರೆ ಆ ಬೀಗವನ್ನು ಮಾಡಿದವರು ಯಾರು, ಅದು ಕೆಟ್ಟಾಗ ರಿಪೇರಿ ಮಾಡುವವರು ಯಾರು, ಅವರ ಹೊಟ್ಟೆಪಾಡಿಗೆ ಏನು ವ್ಯವಸ್ಥೆ ಎಂದು ಕೇಳಿದವರು ಕಡಮೆ. ಈ ಪ್ರಶ್ನೆಗೆ ೨೦೧೪ರ ಏಪ್ರಿಲ್ ತಿಂಗಳಿನಲ್ಲಿ ಜಗತ್ತಿಗೆ ಥಟ್ಟನೆ ಉತ್ತರ ದೊರೆಯಿತು. ಕೋಟಿಗಟ್ಟಲೆ ರೂಪಾಯಿಯ ವಹಿವಾಟನ್ನು ಕಾಯುತ್ತಿದ್ದ ಆ ಬೀಗದ ಪಾಲನೆಗೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು ೨,೦೦೦ ಡಾಲರು. ಅದನ್ನೇ ಪೂರ್ಣಾವಧಿ ಉದ್ಯೋಗವಾಗಿ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಒಬ್ಬರು.

ಇಂಥ ಸ್ಥಿತಿ ಹೇಗೆ ಒದಗಿತು? ಯಾರೋ ಒಬ್ಬರ ದುರುಳತನದಿಂದ ಆದುದಲ್ಲ ಇದು. ಎಲ್ಲರ ಅನುಕೂಲದಿಂದ ಆದುದು. ಅದನ್ನು ತಿಳಿಯಬೇಕಾದರೆ ಕಥೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ಬೀಗದ ಹುಟ್ಟು

ಇಬ್ಬರು ಗುಟ್ಟಾಗಿ ಮಾತನಾಡಬೇಕಾದರೆ ಸಂಕೇತವೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು ಎಂಬುದು ಸಾವಿರಾರು ವರ್ಷಗಳಿಂದ ನಡೆದುಬಂದ ನಿಯಮ. ರಾಜರ ದೂತರೂ ಯುದ್ಧಕಾಲದ ಸೇನಾಪತಿಗಳೂ ಹಾಗೆಯೇ ಮಾಡಿದರು. ೧೯೭೬ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಇಬ್ಬರು ಈ ನಿಯಮವನ್ನು ಮುರಿದರು. ಒಬ್ಬರನ್ನೊಬ್ಬರು ಎಂದೂ ಕಾಣದವರು ಹತ್ತು ಜನರ ಎದುರಿನಲ್ಲಿ ಮಾತನಾಡಿಯೂ ತಮ್ಮಿಬ್ಬರಿಗೇ ತಿಳಿದ ಒಂದು ಗುಟ್ಟನ್ನು ಹುಟ್ಟಿಸಿಕೊಳ್ಳಬಹುದೆಂದು ಗಣಿತದಿಂದ ತೋರಿಸಿಕೊಟ್ಟರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು, ಯಾರು ಬೇಕಾದರೂ ಹಾಕಬಹುದಾದ, ಆದರೆ ಒಡೆಯನೊಬ್ಬನೇ ತೆಗೆಯಬಹುದಾದ ಬೀಗವೊಂದನ್ನು ಗಣಿತದಲ್ಲಿ ಕಟ್ಟಿದರು. ಇಂದು ಅಂಗಡಿಯವನ ಮುಖ ಕಾಣದೆ ಅವನಿಗೆ ಹಣ ಕಳಿಸುವ ನಮ್ಮ ವ್ಯವಹಾರಕ್ಕೆ ತಳಹದಿ ಇದೇ.

ಗಣಿತವಿದ್ದರೆ ಸಾಲದು, ಅದನ್ನು ಯಂತ್ರಕ್ಕೆ ಕಲಿಸಬೇಕಷ್ಟೆ. ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನಲ್ಲಿ ಎಸ್‌ಎಸ್‌ಎಲ್ ಎಂಬ ಬೀಗವನ್ನು ಅಳವಡಿಸಿತು. ಆದರೆ ಅಮೆರಿಕದ ಕಾನೂನು ಅಡ್ಡಬಂದಿತು. ಆ ದೇಶದ ದೃಷ್ಟಿಯಲ್ಲಿ ಬಲವಾದ ಗೂಢಲಿಪಿ ಮದ್ದುಗುಂಡಿನ ಜಾತಿಗೆ ಸೇರಿದ ವಸ್ತು. ಅದನ್ನು ಹೊರದೇಶಕ್ಕೆ ಕಳಿಸುವುದು ಅಸ್ತ್ರಗಳನ್ನು ಕಳಿಸಿದಂತೆ. ೧೯೯೧ರಲ್ಲಿ ಜನಸಾಮಾನ್ಯರಿಗಾಗಿ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವನ್ನು ಬರೆದು ಹಂಚಿದ ಫಿಲ್ ಜಿಮ್ಮರ್‌ಮನ್ ಇದೇ ಕಾರಣಕ್ಕೆ ೧೯೯೩ರಿಂದ ೧೯೯೬ರವರೆಗೆ ಸರ್ಕಾರದ ವಿಚಾರಣೆಗೆ ಗುರಿಯಾಗಬೇಕಾಯಿತು. ಹೀಗಾಗಿ ಅಮೆರಿಕದವರು ತಮಗೆ ಗಟ್ಟಿ ಬೀಗವನ್ನಿಟ್ಟುಕೊಂಡು ಹೊರಗಿನವರಿಗೆ ೪೦ ಬಿಟ್ಟುಗಳ ಸಡಿಲ ಬೀಗವನ್ನು ಮಾರಿದರು. ೧೯೯೫ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಸಂಶೋಧಕನೊಬ್ಬ ತನ್ನ ಸಂಸ್ಥೆಯ ಬಿಡುವಾಗಿದ್ದ ಕಂಪ್ಯೂಟರುಗಳನ್ನೆಲ್ಲ ಸೇರಿಸಿ ಆ ಬೀಗವನ್ನು ಎಂಟು ದಿನಗಳಲ್ಲಿ ಒಡೆದು ತೋರಿಸಿದ.

ಹೊರಗಿನವರಿಗೆ ಗಟ್ಟಿ ಬೀಗ ಬೇಕಾದರೆ ಹೊರಗಿನವರೇ ಅದನ್ನು ಮಾಡಬೇಕಾಗಿತ್ತು. ಮಾಡಿದವರು ಆಸ್ಟ್ರೇಲಿಯದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್. ಇವರು ೧೯೯೫ರಲ್ಲಿ ಎಸ್‌ಎಸ್‌ಎಲ್‌ಇಎವೈ ಎಂಬ ತಂತ್ರಾಂಶವನ್ನು ಬರೆದು, ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು ಎಂದು ಲೋಕಕ್ಕೆ ಬಿಟ್ಟುಕೊಟ್ಟರು. ಹೆಸರಿನ ಕೊನೆಯ ಮೂರಕ್ಷರಗಳು ಎರಿಕ್ ಯಂಗ್ ಅವರ ಇನಿಷಿಯಲ್‌ಗಳು. ೧೯೯೮ರಲ್ಲಿ ಇಬ್ಬರೂ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದರಿಂದ ಈ ತಂತ್ರಾಂಶ ಅನಾಥವಾಯಿತು. ಅದನ್ನು ನೆಚ್ಚಿಕೊಂಡಿದ್ದ ಕೆಲವರು, ಬ್ರಿಟನ್ ಜರ್ಮನಿಗಳ ಸ್ಟೀಫನ್ ಹೆನ್‌ಸನ್, ಬೆನ್ ಲಾರಿ, ಮಾರ್ಕ್ ಕಾಕ್ಸ್, ರಾಲ್ಫ್ ಎಂಗೆಲ್‌ಶಾಲ್ ಮೊದಲಾದವರು, ಅದೇ ಡಿಸೆಂಬರ್‌ನಲ್ಲಿ ಅದನ್ನು ಕೈಗೆತ್ತಿಕೊಂಡು ಓಪನ್‌ಎಸ್‌ಎಸ್‌ಎಲ್ ಎಂದು ಹೆಸರಿಟ್ಟರು. ಯಾರಿಗೂ ಸಂಬಳವಿಲ್ಲ. ಕಚೇರಿಯಿಲ್ಲ. ತಮ್ಮ ತಮ್ಮ ಉದ್ಯೋಗ ಮುಗಿಸಿ ಉಳಿದ ಹೊತ್ತಿನಲ್ಲಿ ಮಾಡಿದ ಕೆಲಸ.

ಈ ಬೀಗ ಒಳ್ಳೆಯದಾಗಿತ್ತು, ಅದಕ್ಕಿಂತ ಹೆಚ್ಚಾಗಿ ಬಿಟ್ಟಿಯಾಗಿತ್ತು. ಆದ್ದರಿಂದ ಅದು ಎಲ್ಲೆಡೆಯೂ ಹಬ್ಬಿತು. ೨೦೧೪ರ ವೇಳೆಗೆ ಜಗತ್ತಿನ ವೆಬ್ ಸರ್ವರುಗಳಲ್ಲಿ ಮೂರರಲ್ಲಿ ಎರಡು ಪಾಲು ಅಪಾಚೆ ಮತ್ತು ಎಂಜಿನ್‌ಎಕ್ಸ್ ಎಂಬ ಎರಡು ತಂತ್ರಾಂಶಗಳ ಮೇಲೆ ನಡೆಯುತ್ತಿದ್ದವು. ಬೀಗ ಬೇಕಾದಾಗ ಈ ಎರಡೂ ಸಾಮಾನ್ಯವಾಗಿ ಕೈಚಾಚುತ್ತಿದ್ದುದು ಓಪನ್‌ಎಸ್‌ಎಸ್‌ಎಲ್ ಕಡೆಗೇ. ಸರ್ವರುಗಳಷ್ಟೇ ಅಲ್ಲ, ಫೋನುಗಳು, ಮನೆಯ ರೌಟರುಗಳು, ಕಚೇರಿಯ ಜಾಲಯಂತ್ರಗಳು ಕೂಡ ಇದೇ ಬೀಗವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾರುಕಟ್ಟೆಗೆ ಬಂದುವು. ಅವುಗಳನ್ನು ಕೊಂಡವರಿಗೆ ಬೀಗದ ಹೆಸರೂ ತಿಳಿಯದು.

ಕಾಸು ಕೊಟ್ಟವರಿಗೆ ಬೇಕಾದುದು

ಹಾಗಾದರೆ ಓಪನ್‌ಎಸ್‌ಎಸ್‌ಎಲ್‌ಗೆ ಹಣವೇ ಬರುತ್ತಿರಲಿಲ್ಲವೆ? ಬರುತ್ತಿತ್ತು, ಆದರೆ ಬೇರೊಂದು ದಾರಿಯಿಂದ. ಅಮೆರಿಕದ ರಕ್ಷಣಾ ಇಲಾಖೆಗೆ ಸಲಹೆಗಾರರಾಗಿದ್ದ ಸ್ಟೀವ್ ಮಾರ್ಕ್ವೆಸ್ ಎಂಬುವರು ಈ ಗುಂಪಿನ ಪರಿಚಯವಾಗಿ, ಅವರ ಹಣಕಾಸನ್ನು ನೋಡಿಕೊಳ್ಳಲು ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಅದಕ್ಕೆ ಬರುತ್ತಿದ್ದ ಆದಾಯ ಬಹುಪಾಲು ಕರಾರಿನ ಕೆಲಸದಿಂದ. ಒಂದು ಕಂಪನಿಗೆ ತನ್ನ ವಿಶೇಷ ಯಂತ್ರದ ಮೇಲೆ ಈ ಬೀಗ ಓಡಬೇಕು. ಇನ್ನೊಂದಕ್ಕೆ ಅಮೆರಿಕ ಸರ್ಕಾರದ ಫಿಪ್ಸ್ ಎಂಬ ಪ್ರಮಾಣಪತ್ರ ಬೇಕು, ಅದಿಲ್ಲದೆ ಸರ್ಕಾರಕ್ಕೆ ಮಾಲು ಮಾರುವಂತಿಲ್ಲ. ಅಂಥವರು ಹಣ ಕೊಟ್ಟು ತಮಗೆ ಬೇಕಾದುದನ್ನು ಮಾಡಿಸಿಕೊಳ್ಳುತ್ತಿದ್ದರು. ಈ ಎಲ್ಲ ಬಾಬುಗಳೂ ಸೇರಿ ಯಾವ ವರ್ಷವೂ ಹತ್ತು ಲಕ್ಷ ಡಾಲರನ್ನು ಮುಟ್ಟಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದುಂಟು. ಹಣ ಕೊಡುವವನು ತನಗೆ ಬೇಕಾದ ಹೊಸ ಕೋಣೆಗೆ ಹಣ ಕೊಡುತ್ತಾನೆ, ಎಲ್ಲರಿಗೂ ಬೇಕಾದ ಹಳೆಯ ಗೋಡೆಯ ಬಿರುಕನ್ನು ನೋಡುವುದಕ್ಕೆ ಕೊಡುವುದಿಲ್ಲ. ವರ್ಷದಿಂದ ವರ್ಷಕ್ಕೆ ತಂತ್ರಾಂಶ ಬೆಳೆಯಿತು. ಲಕ್ಷಗಟ್ಟಲೆ ಸಾಲುಗಳಾದುವು. ಕಾಲವಾಗಿಹೋದ ಯಂತ್ರಗಳಿಗಾಗಿ ಬರೆದ ಭಾಗಗಳೂ ಹಾಗೆಯೇ ಉಳಿದುವು. ಕುಳಿತು ಹಳೆಯದನ್ನು ಓದುವ, ಕಸ ಗುಡಿಸುವ, ಒಬ್ಬರು ಬರೆದುದನ್ನು ಇನ್ನೊಬ್ಬರು ಸಾವಧಾನವಾಗಿ ಪರಿಶೀಲಿಸುವ ಕೆಲಸಕ್ಕೆ ಯಾರ ಕರಾರಿನಲ್ಲಿಯೂ ಕಲಮು ಇರಲಿಲ್ಲ.

ಹಣದ ಈ ಗುಣಕ್ಕೆ ಒಂದು ವಿಚಿತ್ರ ದೃಷ್ಟಾಂತ ೨೦೧೩ರಲ್ಲಿ ಬೆಳಕಿಗೆ ಬಂದಿತು. ಬೀಗಕ್ಕೆ ಕೀಲಿಕೈ ಮಾಡಬೇಕಾದರೆ ಯಾರೂ ಊಹಿಸಲಾಗದ ಅಂಕಿಗಳು ಬೇಕು. ಅಂಥ ಅಂಕಿಗಳನ್ನು ಉತ್ಪಾದಿಸುವ ಡ್ಯುಯಲ್ ಇಸಿ ಎಂಬ ಒಂದು ವಿಧಾನವನ್ನು ಅಮೆರಿಕದ ಪ್ರಮಾಣ ಸಂಸ್ಥೆ ೨೦೦೬ರಲ್ಲಿ ಅಂಗೀಕರಿಸಿತ್ತು. ಆ ದೇಶದ ಬೇಹುಗಾರಿಕೆಯ ಇಲಾಖೆ ಅದರಲ್ಲಿ ತನಗೊಂದು ಹಿಂಬಾಗಿಲನ್ನು ಇಟ್ಟುಕೊಂಡಿದೆ ಎಂಬ ಗುಮಾನಿ ತಜ್ಞರಿಗೆ ಮೊದಲಿನಿಂದಲೂ ಇತ್ತು. ಎಡ್ವರ್ಡ್ ಸ್ನೋಡನ್ ೨೦೧೩ರಲ್ಲಿ ಹೊರಹಾಕಿದ ಕಾಗದಪತ್ರಗಳಿಂದ ಅದು ಬಲವಾಯಿತು. ಈ ವಿಧಾನ ಓಪನ್‌ಎಸ್‌ಎಸ್‌ಎಲ್‌ನ ಫಿಪ್ಸ್ ಭಾಗದಲ್ಲಿಯೂ ಇತ್ತು. ಹಣ ಕೊಟ್ಟ ಗಿರಾಕಿಯೊಬ್ಬರು ಕೇಳಿದ್ದರಿಂದ ಸೇರಿಸಿದ್ದು. ಆದರೆ ಆ ವರ್ಷದ ಡಿಸೆಂಬರ್‌ನಲ್ಲಿ ತಿಳಿದುಬಂದದ್ದು ಇನ್ನೂ ಸೋಜಿಗದ್ದು. ಆ ಭಾಗದಲ್ಲಿ ಒಂದು ತಪ್ಪು ನುಸುಳಿದ್ದರಿಂದ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ! ಪರೀಕ್ಷಾಲಯಗಳು ಅದನ್ನು ಪರೀಕ್ಷಿಸಿ ತೇರ್ಗಡೆ ಮಾಡಿದ್ದುವು. ಯಾರೂ ಅದನ್ನು ಬಳಸಿರದಿದ್ದುದರಿಂದ ಯಾರೂ ದೂರಲಿಲ್ಲ. ಅದಕ್ಕೆ ಹಣ ಬಂದಿತು, ಪ್ರಮಾಣಪತ್ರ ಬಂದಿತು. ಓದುವ ಕಣ್ಣು ಮಾತ್ರ ಬರಲಿಲ್ಲ.

ಸೋರಿದ ಹೃದಯ

೨೦೧೧ರ ಡಿಸೆಂಬರ್ ೩೧ರ ರಾತ್ರಿ ಓಪನ್‌ಎಸ್‌ಎಸ್‌ಎಲ್‌ಗೆ ಒಂದು ಹೊಸ ಸೌಲಭ್ಯ ಸೇರಿತು. ಹೆಸರು ಹಾರ್ಟ್‌ಬೀಟ್, ಎಂದರೆ ಹೃದಯದ ಬಡಿತ. ಮಾತುಕತೆಯಲ್ಲಿ ತೊಡಗಿರುವ ಎರಡು ಕಂಪ್ಯೂಟರುಗಳು ಮಧ್ಯೆ ಸುಮ್ಮನಾದಾಗ, "ಇದ್ದೀಯಾ?" ಎಂದು ಒಂದು ಕೇಳುವುದು, "ಇದ್ದೇನೆ" ಎಂದು ಇನ್ನೊಂದು ಉತ್ತರಿಸುವುದು. ಕೇಳುವ ಯಂತ್ರ ಒಂದು ಪದವನ್ನು ಕಳಿಸಿ, ಅದರಲ್ಲಿ ಎಷ್ಟು ಅಕ್ಷರಗಳಿವೆಯೆಂದು ತಿಳಿಸುತ್ತದೆ. ಉತ್ತರಿಸುವ ಯಂತ್ರ ಆ ಪದವನ್ನೇ ಹಿಂದಿರುಗಿಸುತ್ತದೆ. ಬರೆದವರು ಜರ್ಮನಿಯ ಒಬ್ಬ ಯುವ ಸಂಶೋಧಕರು. ತಂಡದ ಒಬ್ಬರು ಅದನ್ನು ನೋಡಿ ಒಪ್ಪಿದರು. ಇಬ್ಬರ ಕಣ್ಣಿಗೂ ಒಂದು ಸಂಗತಿ ಬೀಳಲಿಲ್ಲ. ಕಳಿಸಿದ್ದು ನಾಲ್ಕಕ್ಷರದ ಪದ, ಹೇಳಿದ್ದು ಅರುವತ್ತು ಸಾವಿರ ಅಕ್ಷರವೆಂದು, ಆಗ ಏನಾಗುತ್ತದೆ? ಉತ್ತರಿಸುವ ಯಂತ್ರ ಎಣಿಸಿ ನೋಡುವುದಿಲ್ಲ. ಆ ನಾಲ್ಕಕ್ಷರಗಳ ಜೊತೆಗೆ ತನ್ನ ನೆನಪಿನಲ್ಲಿ ಪಕ್ಕದಲ್ಲಿ ಏನೇನಿದೆಯೋ ಅದನ್ನೆಲ್ಲ ಬಾಚಿ ಕೊಟ್ಟುಬಿಡುತ್ತದೆ. ಒಂದು ಸಲಕ್ಕೆ ೬೪ ಕಿಲೋಬೈಟುಗಳವರೆಗೆ. ಅದರಲ್ಲಿ ಯಾರದೋ ಪಾಸ್‌ವರ್ಡ್ ಇರಬಹುದು, ಯಾರದೋ ಪತ್ರವಿರಬಹುದು, ಕಡೆಗೆ ಆ ಬೀಗದ ಕೀಲಿಕೈಯೇ ಇರಬಹುದು. ಎಷ್ಟು ಸಲ ಕೇಳಿದರೂ ಕೊಡುತ್ತದೆ, ಕೊಟ್ಟ ಗುರುತೂ ಉಳಿಯುವುದಿಲ್ಲ.

ಈ ಸೌಲಭ್ಯವನ್ನೊಳಗೊಂಡ ಆವೃತ್ತಿ ೨೦೧೨ರ ಮಾರ್ಚ್ ೧೪ರಂದು ಹೊರಬಂದಿತು. ಎರಡು ವರ್ಷಕ್ಕೂ ಮೇಲ್ಪಟ್ಟು ತಪ್ಪು ಯಾರಿಗೂ ತಿಳಿಯಲಿಲ್ಲ. ಗೂಗಲ್ ಕಂಪನಿಯ ನೀಲ್ ಮೆಹ್ತಾ ಹಾಗೂ ಫಿನ್ಲೆಂಡಿನ ಕೋಡೆನೋಮಿಕಾನ್ ಸಂಸ್ಥೆಯವರು ಒಬ್ಬರಿಗೊಬ್ಬರು ತಿಳಿಯದಂತೆ ಅದನ್ನು ಕಂಡುಹಿಡಿದರು. ೨೦೧೪ರ ಏಪ್ರಿಲ್ ೭ರಂದು ಸುದ್ದಿ ಬಹಿರಂಗವಾಯಿತು. ಹಾರ್ಟ್‌ಬೀಟ್ ಹಾರ್ಟ್‌ಬ್ಲೀಡ್ ಆಯಿತು. ಬಡಿಯಬೇಕಾದ ಹೃದಯ ರಕ್ತ ಸುರಿಸಿತು. ಆಗಿನ ಅಂದಾಜಿನಂತೆ ಸುಮಾರು ಐದು ಲಕ್ಷ ಸರ್ವರುಗಳು, ಅಂದರೆ ಬೀಗ ಹಾಕಿಕೊಂಡವುಗಳಲ್ಲಿ ನೂರಕ್ಕೆ ೧೭ರಷ್ಟು, ಈ ಸೋರಿಕೆಗೆ ತೆರೆದುಕೊಂಡಿದ್ದುವು. ಕೆನಡಾ ದೇಶದ ಆದಾಯ ತೆರಿಗೆಯ ಇಲಾಖೆ ತೆರಿಗೆ ಕಟ್ಟುವ ಕಾಲದಲ್ಲಿಯೇ ತನ್ನ ಸೇವೆಯನ್ನು ಮುಚ್ಚಬೇಕಾಯಿತು. ಅಷ್ಟರೊಳಗೆ ಸುಮಾರು ೯೦೦ ಜನರ ಸಾಮಾಜಿಕ ವಿಮೆಯ ಸಂಖ್ಯೆಗಳು ಕಳವಾಗಿದ್ದುವು.

ಮುಕ್ತ ತಂತ್ರಾಂಶದ ಅಭಿಮಾನಿಗಳಲ್ಲಿ ಒಂದು ನಂಬಿಕೆಯುಂಟು. ಮೂಲಲಿಪಿ ಎಲ್ಲರೆದುರಿಗೆ ತೆರೆದಿದ್ದರೆ ನೋಡುವ ಕಣ್ಣುಗಳು ಹೆಚ್ಚು, ಆದ್ದರಿಂದ ತಪ್ಪು ಉಳಿಯಲಾರದು ಎಂದು. ಹಾರ್ಟ್‌ಬ್ಲೀಡ್ ಈ ನಂಬಿಕೆಯನ್ನು ಸುಳ್ಳು ಮಾಡಿತೆನ್ನುವುದು ಸರಿಯಾಗದು. ಕಡೆಗೆ ಕಂಡುಹಿಡಿದದ್ದು ಹೊರಗಿನ ಕಣ್ಣುಗಳೇ. ಆದರೆ ನೋಡಬಹುದು ಎಂಬುದೇ ಬೇರೆ, ನೋಡುತ್ತಾರೆ ಎಂಬುದೇ ಬೇರೆ. ಎಲ್ಲರ ಕಣ್ಣೂ ಇದೆ ಎಂದು ಎಲ್ಲರೂ ನಂಬಿದ್ದರು. ಹಾಗೆ ನಂಬಿದ ಮೇಲೆ ನೋಡುವ ಶ್ರಮವನ್ನು ಯಾರು ತೆಗೆದುಕೊಳ್ಳುತ್ತಾರೆ?

ದಾನದಿಂದ ಸಂಬಳಕ್ಕೆ

ತಪ್ಪು ಬಯಲಾದಾಗ ಮೊದಮೊದಲು ಕೇಳಿಬಂದದ್ದು ಬೈಗುಳ. ಬಳಿಕ ಜನ ಲೆಕ್ಕ ಕೇಳತೊಡಗಿದರು. ಆಗ ಮಾರ್ಕ್ವೆಸ್ ಪ್ರತಿಷ್ಠಾನದ ಜಮಾಖರ್ಚನ್ನು ಮುಚ್ಚುಮರೆಯಿಲ್ಲದೆ ಲೋಕದ ಮುಂದಿಟ್ಟರು. ವರ್ಷಕ್ಕೆ ೨,೦೦೦ ಡಾಲರಿನ ದಾನ, ಪೂರ್ಣಾವಧಿಯ ಒಬ್ಬ ಕೆಲಸಗಾರ ಎಂಬ ಸಂಗತಿ ಬಹುಜನಕ್ಕೆ ತಿಳಿದದ್ದು ಹೀಗೆ. ಸುದ್ದಿ ಹರಡಿದ ವಾರದಲ್ಲಿ ಜಗತ್ತಿನ ನಾನಾ ಮೂಲೆಗಳಿಂದ ಸಣ್ಣಪುಟ್ಟ ಕಾಣಿಕೆಗಳು ಬಂದುವು. ಐದು ಡಾಲರು, ಹತ್ತು ಡಾಲರು, ಹೀಗೆ ಒಟ್ಟು ಸುಮಾರು ೯,೦೦೦. ಇದರಿಂದ ಒಬ್ಬನ ಜೀವನವೂ ನಡೆಯದೆಂದೂ, ಇಂಥ ಕೆಲಸಕ್ಕೆ ಕಡೆಯ ಪಕ್ಷ ಆರು ಮಂದಿಯಾದರೂ ಪೂರ್ಣಾವಧಿ ಇರಬೇಕೆಂದೂ ಮಾರ್ಕ್ವೆಸ್ ಬರೆದರು. ತಪ್ಪು ಏಕೆ ನುಸುಳಿತು ಎನ್ನುವುದಕ್ಕಿಂತ ಇಷ್ಟು ದಿನ ಇನ್ನೂ ಹೆಚ್ಚು ತಪ್ಪುಗಳು ಏಕೆ ಆಗಲಿಲ್ಲ ಎಂಬುದೇ ಆಶ್ಚರ್ಯವೆಂಬುದು ಅವರ ಮಾತಿನ ಸಾರಾಂಶ. ಚೀನಾದ ಸ್ಮಾರ್ಟಿಸಾನ್ ಎಂಬ ಫೋನು ತಯಾರಿಕೆಯ ಹೊಸ ಕಂಪನಿ ತನ್ನ ಫೋನಿನ ಪ್ರಥಮ ಪ್ರದರ್ಶನಕ್ಕೆ ಟಿಕೆಟ್ಟು ಮಾರಿ ಬಂದ ಹಣವನ್ನು ಈ ಕೆಲಸಕ್ಕೆ ಕೊಟ್ಟಿತು. ಜಗದ್ವಿಖ್ಯಾತ ಕಂಪನಿಗಳು ಎಚ್ಚರಗೊಂಡದ್ದು ಏಪ್ರಿಲ್ ೨೪ರಂದು.

ಅಂದು ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ಒಂದು ನಿಧಿ ಏರ್ಪಟ್ಟಿತು. ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್, ಫೇಸ್‌ಬುಕ್, ಐಬಿಎಂ, ಇಂಟೆಲ್, ಸಿಸ್ಕೋ ಮೊದಲಾದ ಕಂಪನಿಗಳು ವರ್ಷಕ್ಕೆ ತಲಾ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಒಪ್ಪಿದುವು. ಮೊದಲ ಫಲಾನುಭವಿಗಳೆಂದು ಮೇ ತಿಂಗಳಲ್ಲಿ ಆರಿಸಿದ್ದು ಮೂರನ್ನು. ಓಪನ್‌ಎಸ್‌ಎಸ್‌ಎಲ್, ದೂರದ ಕಂಪ್ಯೂಟರುಗಳೊಳಕ್ಕೆ ಭದ್ರವಾಗಿ ಹೋಗಲು ಬಳಸುವ ಓಪನ್‌ಎಸ್‌ಎಸ್‌ಎಚ್, ಜಗತ್ತಿನ ಕಂಪ್ಯೂಟರುಗಳ ಗಡಿಯಾರಗಳನ್ನು ಸರಿಹೊಂದಿಸುವ ಎನ್‌ಟಿಪಿ. ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಾವಧಿಯ ಕೆಲಸಗಾರರ ಸಂಬಳ ದೊರೆಯಿತು.

ಈ ಮೂರರಲ್ಲಿ ಎರಡನೆಯದರ ಕಥೆಯನ್ನೂ ಇಲ್ಲಿ ಹೇಳಬೇಕು. ಓಪನ್‌ಎಸ್‌ಎಸ್‌ಎಚ್ ಅನ್ನು ನೋಡಿಕೊಳ್ಳುವವರು ಕೆನಡಾದ ಥಿಯೋ ಡಿ ರಾಟ್ ಮತ್ತು ಅವರ ಓಪನ್‌ಬಿಎಸ್‌ಡಿ ತಂಡ. ಪ್ರಪಂಚದ ಸರ್ವರುಗಳ ಆಡಳಿತಗಾರರೆಲ್ಲ ದಿನವೂ ಇವರ ಬಾಗಿಲಿನಿಂದಲೇ ಒಳಹೋಗಬೇಕು. ಅಂಥವರು ೨೦೧೪ರ ಜನವರಿಯಲ್ಲಿ, ಹಾರ್ಟ್‌ಬ್ಲೀಡಿಗೆ ಮೂರು ತಿಂಗಳ ಮೊದಲು, ವಿದ್ಯುತ್ತಿನ ಬಿಲ್ಲು ಕಟ್ಟಲು ೨೦,೦೦೦ ಡಾಲರು ಬೇಕೆಂದು ಬಹಿರಂಗವಾಗಿ ಬೇಡಿಕೊಂಡಿದ್ದರು! ಹಾರ್ಟ್‌ಬ್ಲೀಡ್ ಆದಮೇಲೆ ಇದೇ ತಂಡ ಓಪನ್‌ಎಸ್‌ಎಸ್‌ಎಲ್‌ನ ಪ್ರತಿಯೊಂದನ್ನು ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂದು ಹೆಸರಿಟ್ಟು ಗುಡಿಸಲು ಕುಳಿತಿತು. ಮೊದಲ ವಾರದಲ್ಲಿಯೇ ಬೇಡದ ೯೦,೦೦೦ ಸಾಲುಗಳನ್ನು ಕಿತ್ತು ಹಾಕಿತು.

ಹಣದಿಂದ ಓಪನ್‌ಎಸ್‌ಎಸ್‌ಎಲ್‌ಗೆ ಪ್ರಯೋಜನವಾಯಿತೆ? ಆಯಿತು. ಯಾವ ಆವೃತ್ತಿ ಎಂದು ಹೊರಬರುತ್ತದೆ, ಎಂದಿನವರೆಗೆ ಅದಕ್ಕೆ ರಿಪೇರಿ ಉಂಟು ಎಂಬ ವೇಳಾಪಟ್ಟಿ ಏರ್ಪಟ್ಟಿತು. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಿಯೇ ಒಪ್ಪಬೇಕೆಂಬ ಕಟ್ಟಳೆ ಬಿಗಿಯಾಯಿತು. ಹೊರಗಿನವರಿಂದ ತಪಾಸಣೆ ನಡೆಯಿತು. ೨೦೧೮ರ ಸೆಪ್ಟೆಂಬರ್‌ನಲ್ಲಿ ಹೊಸ ಟಿಎಲ್‌ಎಸ್ ೧.೩ ಬೀಗವನ್ನೊಳಗೊಂಡ ಆವೃತ್ತಿ ಬಂದಿತು. ಇವು ಪತ್ರಿಕೆಗಳ ಮೊದಲ ಪುಟಕ್ಕೆ ಬರುವ ಸಂಗತಿಗಳಲ್ಲ. ಒಳ್ಳೆಯ ಪಾಲನೆಯ ಲಕ್ಷಣವೇ ಅದು. ಏನೂ ಆಗದಿರುವುದೇ ಅದರ ಫಲ. ಏನೂ ಆಗದಿದ್ದುದಕ್ಕೆ ಹಣ ಕೊಡಿ ಎಂದು ಕೇಳುವುದು ಕಷ್ಟ ಎಂಬಲ್ಲಿಯೇ ಈ ಕಥೆಯ ಗಂಟು ಇರುವುದು.

ಒಂಟಿ ಕಾವಲುಗಾರರು

ಓಪನ್‌ಎಸ್‌ಎಸ್‌ಎಲ್‌ನದು ಒಂದು ಗುಂಪಿನ ಕಥೆಯಾದರೆ ಜರ್ಮನಿಯ ವೆರ್ನರ್ ಕಾಖ್ ಅವರದು ಒಂಟಿ ಮನುಷ್ಯನ ಕಥೆ. ೧೯೯೭ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಯೂರೋಪಿನವರನ್ನು ಕುರಿತು, ಅಮೆರಿಕದ ಕಾನೂನಿನಿಂದಾಗಿ ಅಲ್ಲಿಯವರು ಪಿಜಿಪಿಯಂಥದನ್ನು ಲೋಕಕ್ಕೆ ಹಂಚಲಾರರು, ಆ ಕೆಲಸ ನಿಮ್ಮದು ಎಂದು ಕರೆಕೊಟ್ಟರು. ಅದನ್ನು ಕೇಳಿದ ಕಾಖ್ ಕೆಲವೇ ತಿಂಗಳಲ್ಲಿ ಪತ್ರಗಳಿಗೆ ಬೀಗ ಹಾಕುವ ಜಿಎನ್‌ಯು ಪ್ರೈವೆಸಿ ಗಾರ್ಡ್ ಎಂಬ ತಂತ್ರಾಂಶವನ್ನು ಬರೆದರು. ಮೊದಲು ಜರ್ಮನ್ ಸರ್ಕಾರದ ಸ್ವಲ್ಪ ಸಹಾಯ ಸಿಕ್ಕಿತು. ಆಮೇಲೆ ಅದೂ ನಿಂತಿತು. ೨೦೦೧ರಿಂದ ಹದಿಮೂರು ಹದಿನಾಲ್ಕು ವರ್ಷ ಅವರ ಸಂಪಾದನೆ ವರ್ಷಕ್ಕೆ ಸರಾಸರಿ ೨೫,೦೦೦ ಡಾಲರು, ಅವರ ವಿದ್ಯೆಯವರಿಗೆ ಹೊರಗೆ ದೊರೆಯುವುದರ ಒಂದು ಅಂಶ. ಲಿನಕ್ಸ್ ಕಂಪ್ಯೂಟರುಗಳು ಹೊಸ ತಂತ್ರಾಂಶವನ್ನು ಇಳಿಸಿಕೊಳ್ಳುವಾಗ ಅದು ಅಸಲೋ ನಕಲೋ ಎಂದು ನೋಡುವುದಕ್ಕೂ ಇವರ ತಂತ್ರಾಂಶವನ್ನೇ ನೆಚ್ಚಿದ್ದುವು.

೨೦೧೩ರ ಆರಂಭದಲ್ಲಿ ಕಾಖ್ ಇದನ್ನೆಲ್ಲ ಬಿಟ್ಟು ಎಲ್ಲಿಯಾದರೂ ನೌಕರಿಗೆ ಸೇರುವುದೆಂದು ಯೋಚಿಸಿದ್ದರು. ಆ ವರ್ಷದ ಜೂನಿನಲ್ಲಿ ಸ್ನೋಡನ್ ಸುದ್ದಿ ಬಂದಿತು. ಸ್ನೋಡನ್ ಪತ್ರಕರ್ತರೊಡನೆ ಗುಟ್ಟಾಗಿ ವ್ಯವಹರಿಸಲು ಬಳಸಿದ್ದು ಇವರ ತಂತ್ರಾಂಶವನ್ನೇ. ಈಗ ಬಿಡುವ ಕಾಲವಲ್ಲ ಎಂದು ಕಾಖ್ ಉಳಿದುಕೊಂಡರು. ೨೦೧೫ರ ಫೆಬ್ರುವರಿ ೫ರಂದು ಪ್ರೊಪಬ್ಲಿಕಾ ಎಂಬ ಅಮೆರಿಕದ ಸುದ್ದಿಸಂಸ್ಥೆ ಅವರ ಬಡತನದ ವರದಿಯನ್ನು ಪ್ರಕಟಿಸಿತು. ವರದಿ ಹೊರಬಿದ್ದೊಡನೆಯೇ ಫೇಸ್‌ಬುಕ್ ಮತ್ತು ಸ್ಟ್ರೈಪ್ ಕಂಪನಿಗಳು ವರ್ಷಕ್ಕೆ ತಲಾ ೫೦,೦೦೦ ಡಾಲರು ಕೊಡುವುದಾಗಿ ಹೇಳಿದುವು. ಲಿನಕ್ಸ್ ಫೌಂಡೇಷನ್ನಿನ ನಿಧಿಯಿಂದ ೬೦,೦೦೦ ಡಾಲರು ಬಂದಿತು. ಸಾರ್ವಜನಿಕರ ಕಾಣಿಕೆಗಳು ಅವರು ಕೇಳಿದ ಗುರಿಯನ್ನು ದಾಟಿದುವು. ಸಂತೋಷ. ಆದರೆ ಹದಿನೇಳು ವರ್ಷ ಕಾಣದಿದ್ದುದು ಒಂದು ವರದಿಯಿಂದ ಒಂದೇ ದಿನದಲ್ಲಿ ಕಂಡಿತೆಂದರೆ, ವರದಿಯಾಗದೆ ಉಳಿದವರ ಗತಿಯೇನು?

ಅದಕ್ಕೆ ಉತ್ತರ ೨೦೨೪ರ ಮಾರ್ಚ್ ೨೯ರಂದು ಬಂದಿತು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಅದುಮಿ ಚಿಕ್ಕದು ಮಾಡುವ ಒಂದು ಸಾಮಾನ್ಯ ತಂತ್ರಾಂಶ. ಫಿನ್ಲೆಂಡಿನ ಲಾಸ್ಸೆ ಕಾಲಿನ್ ಎಂಬುವರು ಅದನ್ನು ಬಿಡುವಿನ ಹವ್ಯಾಸವಾಗಿ, ಸಂಬಳವಿಲ್ಲದೆ, ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ೨೦೨೧ರಿಂದ ಜಿಯಾ ತಾನ್ ಎಂಬ ಹೆಸರಿನ ವ್ಯಕ್ತಿಯೊಬ್ಬ ನೆರವಿಗೆ ಬಂದ. ಒಳ್ಳೆಯ ಕೆಲಸವನ್ನೇ ಮಾಡಿದ. ಇತ್ತ ಯಾರೋ ಅಪರಿಚಿತರು ಕಾಲಿನ್ ಅವರಿಗೆ, ಕೆಲಸ ನಿಧಾನವಾಯಿತು, ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡಬಾರದೆ ಎಂದು ಮೇಲಿಂದ ಮೇಲೆ ಬರೆದು ಪೀಡಿಸಿದರು. ಬಳಲಿದವರು ಕೈಗೆ ಸಿಕ್ಕ ಊರುಗೋಲನ್ನು ಪರೀಕ್ಷಿಸಿ ನೋಡುವುದಿಲ್ಲ. ಹೊಣೆ ಮೆಲ್ಲಮೆಲ್ಲನೆ ಜಿಯಾ ತಾನ್ ಕೈಗೆ ಹೋಯಿತು. ೨೦೨೪ರ ಫೆಬ್ರುವರಿ ಮಾರ್ಚ್‌ಗಳಲ್ಲಿ ಬಂದ ಎರಡು ಆವೃತ್ತಿಗಳಲ್ಲಿ, ಓಪನ್‌ಎಸ್‌ಎಸ್‌ಎಚ್ ಬಾಗಿಲನ್ನೇ ಹಿಂದಿನಿಂದ ತೆರೆಯಬಲ್ಲ ಕಳ್ಳಕೀಲಿಯೊಂದು ಅಡಗಿ ಕುಳಿತಿತ್ತು. ಮೈಕ್ರೋಸಾಫ್ಟಿನ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್, ಬೇರಾವುದೋ ಕೆಲಸದಲ್ಲಿದ್ದಾಗ, ಒಳಹೋಗುವುದಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚಾಗುತ್ತಿದೆಯಲ್ಲ ಎಂದು ಸಂಶಯಪಟ್ಟು ಬೆನ್ನುಹತ್ತಿ ಅದನ್ನು ಹಿಡಿದುಹಾಕಿದರು. ಆ ಆವೃತ್ತಿಗಳು ಇನ್ನೂ ಪ್ರಯೋಗದ ಹಂತದ ಲಿನಕ್ಸ್‌ಗಳಲ್ಲಷ್ಟೇ ಹೆಚ್ಚಾಗಿ ಸೇರಿದ್ದುವು. ಲೋಕ ಅರ್ಧ ಸೆಕೆಂಡಿನಲ್ಲಿ ಪಾರಾಯಿತು.

ಈ ಪ್ರಸಂಗದಿಂದ ತಿಳಿಯಬೇಕಾದುದು ಎರಡು. ಬೀಗದ ತಯಾರಿಕೆಗೆ ಹಣ ಕೊಟ್ಟರೆ ಸಾಲದು. ಬಾಗಿಲಿನ ತಿರುಗಣಿ, ಚೌಕಟ್ಟು, ಮೊಳೆ ಇವನ್ನು ಮಾಡುವವರನ್ನೂ ನೋಡಿಕೊಳ್ಳಬೇಕು. ಎರಡನೆಯದು, ಹಣವೊಂದೇ ಮದ್ದಲ್ಲ. ಒಂಟಿಯಾಗಿ ಬಳಲುವವನಿಗೆ ಬೇಕಾದುದು ಚೆಕ್ಕಿನ ಜೊತೆಗೆ ನಂಬಬಹುದಾದ ಇನ್ನೊಂದು ಜೋಡಿ ಕಣ್ಣು. ಆದರೆ ಆ ಕಣ್ಣಿಗೂ ಹೊಟ್ಟೆಯಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕಟ್ಟಿದವರೂ ಕಾದವರೂ

ಇದಕ್ಕೆ ಎದುರಾಗಿ ಒಂದು ವಾದವನ್ನು ಹೂಡಬಹುದು. ಇವರು ತಾವಾಗಿಯೇ ಬಿಟ್ಟಿ ಕೊಟ್ಟರು. ಲೋಪವಾದರೆ ನಾವು ಹೊಣೆಯಲ್ಲ ಎಂದು ಕೊಡುವಾಗಲೇ ಬರೆದುಕೊಟ್ಟರು. ಬಳಸಿದವರು ಯಾವ ಕರಾರನ್ನೂ ಮುರಿದಿಲ್ಲ. ಈಗ ಕೂಲಿಯ ಮಾತೇಕೆ? ವಾದ ನ್ಯಾಯವಾದುದೇ. ಕಾನೂನಿನಂತೆ ಯಾರೂ ಯಾರಿಗೂ ಸಾಲಗಾರರಲ್ಲ. ಆದರೆ ಅದೇ ವಾದವನ್ನು ಇನ್ನೊಂದು ತುದಿಯಿಂದ ಹಿಡಿದರೆ, ಯಾರಿಗೂ ಹೊಣೆಯಿಲ್ಲದ ಬೀಗದ ಮೇಲೆ ಬ್ಯಾಂಕುಗಳನ್ನೂ ಸರ್ಕಾರಗಳನ್ನೂ ಕಟ್ಟಿದವರ ವಿವೇಕ ಎಂಥದು ಎಂದು ಕೇಳಬೇಕಾಗುತ್ತದೆ. ಕೊಟ್ಟವರ ಔದಾರ್ಯ ಪಡೆದವರ ಹೊಣೆಯನ್ನು ಕಳೆಯುವುದಿಲ್ಲ.

ನಮ್ಮ ನಾಡಿನ ಹಿಂದಿನವರಿಗೆ ಈ ಸಮಸ್ಯೆ ಹೊಸದಾಗಿರಲಿಲ್ಲ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಆದರೆ ಹೂಳೆತ್ತುವುದಕ್ಕೆ, ಏರಿಗೆ ಮಣ್ಣು ಹಾಕುವುದಕ್ಕೆ, ತೂಬು ನೋಡಿಕೊಳ್ಳುವುದಕ್ಕೆ ಪುಣ್ಯವಂತರು ಪ್ರತಿವರ್ಷ ಬರುವುದಿಲ್ಲ. ಇದನ್ನು ಬಲ್ಲವರಾದ್ದರಿಂದಲೇ ಅವರು ಕೆರೆಯ ಜೊತೆಗೆ ಅದರ ಪಾಲನೆಗೆಂದು ಭೂಮಿಯನ್ನೂ ಬಿಟ್ಟರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಈ ಏರ್ಪಾಟನ್ನು ಹೇಳುತ್ತವೆ. ಕೆರೆಯ ನೀರಿನಿಂದ ಬೆಳೆದ ಬೆಳೆಯಿಂದಲೇ ಕೆರೆ ಕಾಯುವವನ ಹೊಟ್ಟೆ ತುಂಬಬೇಕೆಂಬುದು ಅದರ ತತ್ತ್ವ. ಅದು ದಾನವಲ್ಲ, ಲೆಕ್ಕಾಚಾರ. ಮೂರು ವರ್ಷದ ವಾಗ್ದಾನಕ್ಕೂ ಇದಕ್ಕೂ ಇರುವ ಅಂತರವನ್ನು ಓದುಗರೇ ಊಹಿಸಿಕೊಳ್ಳಬಹುದು. ೨೦೧೪ರ ಆ ನಿಧಿಯ ಕೆಲಸವನ್ನು ೨೦೨೦ರಲ್ಲಿ ಇನ್ನೊಂದು ಸಂಸ್ಥೆ ವಹಿಸಿಕೊಂಡಿತು.

ಈಚಿನ ವರ್ಷಗಳಲ್ಲಿ ಇಂಥ ಖಾಯಂ ಏರ್ಪಾಟಿನ ಕಡೆಗೆ ಕೆಲವು ಹೆಜ್ಜೆಗಳು ಬಿದ್ದಿವೆ. ೨೦೨೧ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಇನ್ನೊಂದು ಸ್ವಯಂಸೇವಕರ ತಂತ್ರಾಂಶದಲ್ಲಿ ಭಾರಿ ಬಿರುಕು ಕಂಡಮೇಲೆ, ಮರುತಿಂಗಳು ಅಮೆರಿಕದ ಶ್ವೇತಭವನದಲ್ಲಿಯೇ ಈ ವಿಷಯಕ್ಕೆ ಸಭೆ ಸೇರಿತು. ಜರ್ಮನ್ ಸರ್ಕಾರ ೨೦೨೨ರಲ್ಲಿ ಇಂಥ ತಳಪಾಯದ ತಂತ್ರಾಂಶಗಳ ಪಾಲನೆಗೆಂದೇ ಸಾರ್ವಜನಿಕ ಹಣದಿಂದ ಒಂದು ನಿಧಿಯನ್ನು ತೆರೆಯಿತು. ರಸ್ತೆ ಸೇತುವೆಗಳಂತೆ ಇದೂ ಒಂದು ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಯೂರೋಪಿನ ಒಕ್ಕೂಟ ೨೦೨೪ರಲ್ಲಿ ಮಾಡಿದ ಕಾನೂನು, ಯಂತ್ರ ಮಾರುವವರು ಅದರೊಳಗಿನ ತಂತ್ರಾಂಶದ ಭದ್ರತೆಗೆ ತಾವೇ ಹೊಣೆ ಎಂದು ವಿಧಿಸಿದೆ. ಎಲ್ಲಿಂದ ಬಿಟ್ಟಿ ತಂದೆವು ಎನ್ನುವುದು ಇನ್ನು ಸಬೂಬಾಗದು. ನಮ್ಮ ಬೆಂಗಳೂರಿನ ಷೇರು ದಳ್ಳಾಳಿ ಕಂಪನಿ ಜೆರೋಧಾ ೨೦೨೪ರ ಅಕ್ಟೋಬರ್‌ನಲ್ಲಿ, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶಕ್ಕಾದರೂ ಸರಿ, ವರ್ಷಕ್ಕೆ ಹತ್ತು ಲಕ್ಷ ಡಾಲರು ಕೊಡುವ ನಿಧಿಯನ್ನು ಸಾರಿತು. ತನ್ನ ವ್ಯವಹಾರವೆಲ್ಲ ಅಂಥ ತಂತ್ರಾಂಶಗಳ ಮೇಲೆಯೇ ನಿಂತಿದೆ ಎಂಬ ಅರಿವೇ ಇದಕ್ಕೆ ಪ್ರೇರಣೆ. ಓಪನ್‌ಎಸ್‌ಎಸ್‌ಎಲ್‌ನ ಪ್ರತಿಷ್ಠಾನ ಹಿಂದೊಮ್ಮೆ ತನ್ನ ಎಲ್ಲ ಕರಾರುಗಳಿಂದಲೂ ಒಂದು ವರ್ಷದಲ್ಲಿ ಕಾಣಲಾರದೆಹೋದ ಮೊತ್ತ ಅದು.

ಇವೆಲ್ಲ ಒಳ್ಳೆಯ ಆರಂಭಗಳು. 'ಆರಂಭ' ಎಂಬ ಮಾತನ್ನು ಬೇಕೆಂದೇ ಬಳಸಿದೆ. ಹೊಸದಕ್ಕೆ ಹಣ ಕೊಡುವ ಉತ್ಸಾಹ ಲೋಕದಲ್ಲಿ ಎಂದೂ ಬತ್ತಿಲ್ಲ. ಹಳೆಯದನ್ನು ಹತ್ತನೆಯ ವರ್ಷವೂ ಕಾಯುವವನಿಗೆ ಕೂಲಿ ತಪ್ಪದೆ ಸಲ್ಲುವುದೇ ಕಷ್ಟ. ಹಾರ್ಟ್‌ಬ್ಲೀಡ್, ಕಾಖ್, ಎಕ್ಸ್‌ಜೆಡ್ ಮೂರೂ ಕಥೆಗಳಲ್ಲಿ ಹಣದ ಚೀಲ ಬಿಚ್ಚಿದ್ದು ಅಪಾಯ ಕಂಡ ಮೇಲೆ ಅಥವಾ ಅಳಲು ಕೇಳಿದ ಮೇಲೆ. ಅದಕ್ಕಿಂತ ಮುಂಚೆ ಬಿಚ್ಚುವ ಒಂದು ಕಟ್ಟಳೆಯನ್ನು ಈ ನಿಧಿಗಳು ರೂಢಿಗೆ ತಂದರೆ, ಅಷ್ಟರಮಟ್ಟಿಗೆ ಅವು ಇತಿಹಾಸದಿಂದ ಪಾಠ ಕಲಿತಂತೆ. ಇಲ್ಲವಾದರೆ ಮುಂದಿನ ಸಲ ಅರ್ಧ ಸೆಕೆಂಡಿನ ವ್ಯತ್ಯಾಸ ಯಾರ ಗಮನಕ್ಕೂ ಬಾರದೆ ಹೋಗಬಹುದು.